ಎಂಟು ಬಫರ್‌ಗಳು, ಒಂದು ಅಕ್ಕಿ ಮಿಲ್ಲು

ವರದಿ ಒಂದೇ ಪುಟದ್ದು. ಇಂಗ್ಲಿಷಿನಲ್ಲಿ ಚೊಕ್ಕಟವಾಗಿ ಟೈಪಾಗಿ ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದು ಕೂತಿತ್ತು. ತಿ. ನರಸೀಪುರದ ಅಕ್ಕಿ ಮಿಲ್ಲೊಂದರಲ್ಲಿ ನಾವು ಪ್ರಯೋಗಕ್ಕೆಂದು ಇರಿಸಿದ್ದ ಕಾಳು ವಿಂಗಡಿಸುವ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅದನ್ನು ನಡೆಸುವ ಹೆಂಗಸು ದಿನಕ್ಕೆ ಹತ್ತಾರು ಸಲ ಯಂತ್ರ ನಿಲ್ಲಿಸಿ ಮತ್ತೆ ಆರಂಭಿಸುತ್ತಿರುವುದೇ ಅದಕ್ಕೆ ಕಾರಣ. ಇದು ಬಳಕೆಯ ದೋಷವೇ ಹೊರತು ಯಂತ್ರದ್ದಲ್ಲ. ಇಷ್ಟು ಅದರ ಸಾರ. ಆಕೆಯ ಹೆಸರನ್ನೂ ಬರೆದಿದ್ದರು. ನಮ್ಮ ಮುಖ್ಯಸ್ಥರೂ ಹಿರಿಯ ಇಂಜಿನಿಯರೂ ಆಗಲೇ ಸಹಿ ಹಾಕಿದ್ದರು. ನನ್ನ ಸಹಿ ಬಾಕಿ ಇತ್ತು.

ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕೊನೆಯ ರಸ್ತೆಯಲ್ಲಿ, ಶೀಟು ಹೊದಿಸಿದ ಶೆಡ್ಡಿನಲ್ಲಿದ್ದ ಹತ್ತು ಜನರ ಪುಟ್ಟ ಕಂಪನಿ ನಮ್ಮದು. ನಾವು ಕಟ್ಟಿದ ಯಂತ್ರದ ರಚನೆ ಸರಳ. ಅಕ್ಕಿಯನ್ನು ತೆಳುವಾಗಿ ಹೊತ್ತು ನಿಧಾನವಾಗಿ ಸಾಗುವ ಬೆಲ್ಟು, ಅದರ ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ಸಾಲಾಗಿ ಗಾಳಿಯ ನಳಿಕೆಗಳು. ಕ್ಯಾಮೆರಾ ಕಪ್ಪುಕಾಳನ್ನೋ ಕಲ್ಲನ್ನೋ ಕಂಡರೆ, ಅದು ತುದಿ ತಲುಪಿದ ಕ್ಷಣಕ್ಕೆ ಸರಿಯಾಗಿ ನೇರದ ನಳಿಕೆಯೊಂದು ಊದಿ ಅದನ್ನು ಬೇರೆ ಬಾಯಿಗೆ ಹಾರಿಸುತ್ತದೆ. ನಡುವೆ ಸಿಗುವುದು ಎರಡು ಸೆಕೆಂಡು. ಅಷ್ಟರೊಳಗೆ ಚಿತ್ರ ಕ್ಯಾಮೆರಾಗೆ ಜೋಡಿಸಿದ ಎಲೆಕ್ಟ್ರಾನಿಕ್ ಕಾರ್ಡಿನಿಂದ ಕಂಪ್ಯೂಟರಿನ ಮೆಮೊರಿಗೆ ಇಳಿಯಬೇಕು, ಪ್ರೋಗ್ರಾಮು ಅದನ್ನು ಓದಿ ತೀರ್ಮಾನಿಸಬೇಕು. ಕಾರ್ಡಿಗೂ ಪ್ರೋಗ್ರಾಮಿಗೂ ನಡುವಿನ ದಾರಿ ನನ್ನದು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನೊಳಗೆ ಕೂತು ಆ ಕಾರ್ಡನ್ನು ನಡೆಸುವ ಡ್ರೈವರನ್ನು ಬರೆದವಳು ನಾನು.

ವರದಿ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದಾಗ ನನ್ನ ಧ್ವನಿ ಎಲ್ಲರಿಗೂ ಕೇಳಿಸುವಷ್ಟಿತ್ತು.

"ಸಾರ್, ತನಿಖೆ ಮಾಡದೆ ಒಬ್ಬರ ಹೆಸರು ಹೇಗೆ ಬರೆದಿರಿ? ಇದಕ್ಕೆ ಯಾರು ಹೊಣೆ?"

"ಇದು ಕಂಪನಿ ಕಣಮ್ಮ, ನಿನ್ನ ಯೂನಿವರ್ಸಿಟಿ ಧರಣಿ ಅಲ್ಲ," ಎಂದರು ಅವರು, ಕನ್ನಡಕವನ್ನೂ ತೆಗೆಯದೆ. "ಇಲ್ಲಿ ಬೆಂಚಿನ ಮೇಲೆ ಮೂರು ದಿನ ಒಂದೇ ಸಮ ಓಡಿದೆ. ಅಲ್ಲಿ ಮೂರು ಗಂಟೆ ಓಡಲ್ಲ. ಇಲ್ಲಿಗೂ ಅಲ್ಲಿಗೂ ಏನು ವ್ಯತ್ಯಾಸ? ಆಯಮ್ಮ."

"ಆಯಮ್ಮನ ಕೆಲಸ ಹೋಗುತ್ತೆ ಸಾರ್."

"ಹೋಗುತ್ತೆ. ಸಾಹುಕಾರರೇ ಹೇಳಿದಾರೆ, ತಪ್ಪು ಆಯಮ್ಮಂದು ಅಂತ ಬರೆದು ಕೊಟ್ಟರೆ ಕೆಲಸದಿಂದ ತೆಗೀತೀನಿ ಅಂತ. ಇಲ್ಲ ಅಂದರೆ ನಮ್ಮ ಯಂತ್ರ ವಾಪಸು. ಯಾವುದು ಬೇಕು ಹೇಳು."

"ನೋಡದೆ ಸಹಿ ಹಾಕಲ್ಲ."

"ಹೋಗಿ ನೋಡು. ಮುಂದಿನ ಸೋಮವಾರದವರೆಗೆ ಟೈಮಿದೆ. ಬೇರೆ ಕಾರಣ ತಂದರೆ ಬದಲಾಯಿಸೋಣ. ಇಲ್ಲ, ಸುಮ್ಮನೆ ಸಹಿ ಹಾಕು."

ಮಾರನೆಯ ದಿನ ಬೆಳಗಿನ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಹೋದೆ. ಮಿಲ್ಲಿನ ಬಾಗಿಲಲ್ಲೇ ಸಾಹುಕಾರರು ಸಿಕ್ಕರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ತೌಡಿನ ಧೂಳು ಹಿಡಿದ ಟವೆಲು.

"ಬಾರವ್ವ. ಆಫ್ ಮಾಡ್ಬ್ಯಾಡಿ ಅಂತ ನಿಮ್ಮೋರೇ ಫೋನಲ್ಲಿ ಏಳುದ್ರು. ಅದ್ಕೇ ಅವ್ಳನ್ನ ಕಣದ್ ಕೆಲ್ಸಕ್ಕೆ ಆಕಿ, ನಮ್ ಬಾಮೈದುನ್ನ ಕೂರ್ಸಿವ್ನಿ. ಬೆಳಿಗ್ಗೆ ಆನು, ಸಂಜೆಗೆ ಆಫು. ಈಗ ಮಿಸೀನು ಚೆನ್ನಾಗ್ ಓಡ್ತಾ ಅದೆ."

ಅವರ ಮಾತು ಮುಗಿಯುವ ಮೊದಲೇ ಒಳಗಿನಿಂದ ಮೂಗೂರಿನ ಒಬ್ಬ ರೈತರು ಬೊಗಸೆ ತುಂಬ ಅಕ್ಕಿ ಹಿಡಿದು ಬಂದರು. "ಮಿಸೀನು ಚೆನ್ನಾಗ್ ಓಡ್ತಾ ಅದೆ ಸಾವ್ಕಾರ್ರೆ, ಈ ಅಕ್ಕಿ ಯಾರ್ದು ಅಂತ ಕೇಳಿ ಮದ್ಲು! ನಾನ್ ತಂದದ್ದು ಕೆಂಪು ರಾಜಮುಡಿ. ಚೀಲ್ದೊಳ್ಗೆ ನೋಡುದ್ರೆ ಅರ್ಧ ಬೆಳ್ಳಗವೆ!"

ಯಂತ್ರದ ಮುಂದೆ ಕೂತಿದ್ದ ಬಾಮೈದ ಅಲ್ಲಿಂದಲೇ ಕೂಗಿದರು. "ಅಕ್ಕಿ ಅಕ್ಕಿನೇ ಕಣಣ್ಣೋ. ಒಟ್ಟೆಗೆ ಓದ್ಮೇಲೆ ಯಾವ್ದಾದ್ರೇನು?"

"ಅಂಗಾರೆ ಒಟ್ಟೆನೂ ಒಟ್ಟೆನೇ ಕಣ್ಲಾ. ನಾಳಿಂದ ನಿನ್ ಊಟನೂ ನಾನೇ ಉಣ್ತೀನಿ, ನೀನ್ ನೋಡ್ತಾ ಕುಂತ್ಕೋ!"

ಸುತ್ತ ನಿಂತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಇದು ದೊಡ್ಡ ವ್ಯಾಪಾರದ ಮಿಲ್ಲಲ್ಲ. ಸುತ್ತಲಿನ ಮನೆಗಳವರು ಮೂರು ಮೂಟೆ, ನಾಲ್ಕು ಮೂಟೆ ಭತ್ತ ತಂದು ಅದನ್ನೇ ಅಕ್ಕಿ ಮಾಡಿಸಿಕೊಂಡು ಹೋಗುವ ಜಾಗ. ಅವರವರ ಭತ್ತ ಅವರವರಿಗೆ. ಅಕ್ಕಿ ಮಾತ್ರವಲ್ಲ, ನುಚ್ಚೂ ತೌಡೂ ಕೂಡ. ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಬೆರೆಯಬಾರದು. ಹುಲ್ಲಹಳ್ಳಿಯ ನಮ್ಮ ಮನೆಯಲ್ಲೂ ಇದೇ ಪದ್ಧತಿ. ಮಿಲ್ಲಿನಿಂದ ಬಂದ ಅಕ್ಕಿಯನ್ನು ಅಮ್ಮ ಮೊರದಲ್ಲಿ ಹರಡಿ, ನಮ್ಮ ಗದ್ದೆಯದ್ದೇ ಹೌದೇ ಎಂದು ಕಾಳಿನ ಮೈ ನೋಡಿಯೇ ಹೇಳುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನಾನು ಪರೀಕ್ಷೆಗೆಂದು ಬೆಂಚಿನ ಮೇಲೆ ಮೂರು ದಿನ ಒಂದೇ ಮೂಟೆಯ ಅಕ್ಕಿಯನ್ನು ಸುತ್ತಿಸಿದ್ದೆ. ಬೆಳಿಗ್ಗೆ ಆರಂಭ, ಸಂಜೆಗೆ ಮುಕ್ತಾಯ. ಇಲ್ಲಿ ಒಂದು ದಿನಕ್ಕೆ ಇಪ್ಪತ್ತು ಮನೆ, ಇಪ್ಪತ್ತು ಆರಂಭ, ಇಪ್ಪತ್ತು ಮುಕ್ತಾಯ. ಹೋಗುವ ಊರನ್ನು ನೋಡದೆಯೇ ಗಾಡಿ ಕಟ್ಟಿದ್ದೆವು.

ಆಪರೇಟರ್ ಹೆಂಗಸು ಹಿಂದಿನ ಕಣದಲ್ಲಿ ಒಣಹಾಕಿದ ಭತ್ತ ಕೆದಕುತ್ತಿದ್ದರು. ನಲವತ್ತರ ಆಸುಪಾಸು, ಏಳನೆಯ ತರಗತಿಯವರೆಗಿನ ಓದು. ಯಂತ್ರ ಬಂದಾಗ ಇಡೀ ಮಿಲ್ಲಿನಲ್ಲಿ ಅದರ ಬಟನ್‌ಗಳನ್ನು ಒಂದೇ ದಿನದಲ್ಲಿ ಕಲಿತವರು ಅವರೊಬ್ಬರೇ ಎಂದು ಆಮೇಲೆ ತಿಳಿಯಿತು. ಕಂಪನಿ ಅವರ ಮೇಲೆ ಬರೆದಿದ್ದ ವರದಿಯ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟರು.

"ನಿಲ್ಸೋದು ತಪ್ಪಾ ಮೇಡಂ? ಒಬ್ರುದ್ ಮುಗುದ್ಮೇಲೆ ನಿಲ್ಸಿ, ಬೆಲ್ಟ್ ಒರ್ಸಿ, ಆಮೇಲೆ ಇನ್ನೊಬ್ರುದ್ ಆಕ್ಬೇಕು. ಒರುಸ್ದೆ ಆಕುದ್ರೆ ಕದ್ದಂಗೆ."

"ನಿಲ್ಲಿಸಿದಾಗ ಕೆಡುತ್ತಾ?"

"ನಿಲ್ಸುದ್ ತಕ್ಷಣ ಕೆಡಾದಿಲ್ಲ. ಬನ್ನಿ, ತೋರುಸ್ತೀನಿ."

ಯಂತ್ರದ ಕೋಣೆಯ ಕಿಟಕಿಯ ಮೇಲೆ ಗಂಟು ಹಾಕಿದ ಪುಟ್ಟ ಪ್ಲಾಸ್ಟಿಕ್ ಕವರ್‌ಗಳ ಸಾಲು ಇತ್ತು. ಆಕೆ ಯಂತ್ರ ನಡೆಸಿದ ಕೊನೆಯ ದಿನ, ಪ್ರತಿ ಮನೆಯವರ ಅಕ್ಕಿಯಿಂದ ಅವರನ್ನು ಕೇಳಿ ಪಡೆದ ಒಂದೊಂದು ಹಿಡಿ, ಬಂದ ಕ್ರಮದಲ್ಲಿಯೇ.

"ಎಡ್ಗಡೆಯಿಂದ ನೋಡ್ಕಂಡ್ ಬನ್ನಿ," ಎಂದರು.

ಮೊದಲ ಏಳು ಕವರ್‌ಗಳಲ್ಲಿ ಒಂದೇ ಒಂದು ಕಪ್ಪುಕಾಳಿರಲಿಲ್ಲ. ಎಂಟನೆಯದರಲ್ಲಿ ಎರಡು. ಹತ್ತನೆಯದರಲ್ಲಿ ಕಲ್ಲೂ ಇತ್ತು. ಹನ್ನೆರಡನೆಯದನ್ನು ಯಂತ್ರ ಮುಟ್ಟಿಯೇ ಇಲ್ಲ ಎನ್ನುವ ಹಾಗಿತ್ತು. ಹದಿಮೂರನೆಯದು ಮತ್ತೆ ಮುತ್ತಿನಂತೆ ಸ್ವಚ್ಛ.

"ಇಲ್ಲೇನಾಯ್ತು?"

"ಕರೆಂಟ್ ಓಗಿ ಬಂತು. ಬಂದ್ಮೇಲೆ ಕಂಪ್ಯೂಟ್ರು ಒಸ್ದಾಗಿ ಏಳ್ತದಲ್ಲ, ಆಗಿಂದ ಚೆನ್ನಾಗ್ ಬತ್ತದೆ. ಆಮೇಲೆ ಏಳೆಂಟು ಮನೇದ್ ಆದ್ಮೇಲೆ ಮತ್ತೆ ಅದೇ ರಾಗ."

ಬಾಗಿಲಲ್ಲಿ ನಿಂತಿದ್ದ ಮೂಗೂರಿನವರು ಬಾಯಿ ಹಾಕಿದರು. "ನಂಗೂ ಗೊತ್ತಿತ್ತು ಕಣವ್ವ. ಅದ್ಕೇ ಕರೆಂಟ್ ಓಗಿ ಬರೋಗಂಟ ಟೀ ಅಂಗ್ಡಿಲಿ ಕುಂತಿರ್ತಿದ್ದೆ. ಊರೋರೆಲ್ಲ ಕರೆಂಟ್ ಬರ್ಲಿ ಅಂತ ಕಾದ್ರೆ, ನಾನೊಬ್ಬ ಓಗ್ಲಿ ಅಂತ ಕಾಯ್ತಿದ್ದೆ."

ಹದಿಮೂರು ಕವರ್‌ಗಳು. ನಾಲ್ಕು ವರ್ಷ ಓದಿ ಬಂದ ನನಗೆ ಯಾರೂ ಇದಕ್ಕಿಂತ ಸ್ವಚ್ಛವಾದ ಪ್ರಯೋಗವೊಂದನ್ನು ತೋರಿಸಿರಲಿಲ್ಲ. ಒಂದೇ ಯಂತ್ರ, ಒಂದೇ ಕೈ, ಒಂದೇ ದಿನ. ಬದಲಾದದ್ದು ಕಂಪ್ಯೂಟರು ಎದ್ದ ಮೇಲೆ ಎಷ್ಟು ಸಲ ನಿಲ್ಲಿಸಿ ಆರಂಭಿಸಿದರು ಎಂಬುದೊಂದೇ. ನಂಜನಗೂಡಿನ ಬಸ್ಸಿನಲ್ಲಿ ಕೂತಾಗ ನನ್ನ ಸಿಟ್ಟು ಇನ್ನೂ ಮುಖ್ಯಸ್ಥರ ಮೇಲೆಯೇ ಇತ್ತು. ಅದು ತಪ್ಪು ವಿಳಾಸಕ್ಕೆ ಹೊರಟಿತ್ತು ಎಂಬುದು ಬುಧವಾರ ಗೊತ್ತಾಯಿತು.

ನಮ್ಮ ಹಿರಿಯ ಇಂಜಿನಿಯರು ಆ ಕ್ಯಾಮೆರಾ ಕಾರ್ಡಿನ ಸರ್ಕ್ಯೂಟನ್ನು ಸ್ವತಃ ಬರೆದವರು. ಮಾತು ಕಡಿಮೆ. ಕವರ್‌ಗಳ ಕಥೆಯನ್ನು ಪೂರ್ತಿ ಕೇಳಿ, "ನಾನೂ ನೋಡದೆ ಸಹಿ ಹಾಕಿಬಿಟ್ಟೆ," ಎಂದರು. ಆಮೇಲೆ, "ನಿನ್ನ ಸಿಟ್ಟು ಒಳ್ಳೆಯದೇ. ಅದನ್ನು ತಗೊಂಡು ಈಗ ನಿನ್ನ ಫೈಲನ್ನು ಓದು. ಗಟ್ಟಿಯಾಗಿ ಓದು, ನಾನು ಕೇಳ್ತೀನಿ," ಎಂದರು.

ಓದಿದೆ. ಆರಂಭದ ಬಟನ್ ಒತ್ತಿದಾಗ ನನ್ನ ಡ್ರೈವರು ಕರ್ನಲ್ಲಿನಿಂದ ಎಂಟು ತುಂಡು ಮೆಮೊರಿಯನ್ನು ಬೇಡುತ್ತಿತ್ತು, ಒಂದೊಂದು ತುಂಡೂ ಒಂದು ಮೆಗಾಬೈಟು. ಇವೇ ಬಫರ್‌ಗಳು. ಕಾರ್ಡು ಪ್ರೊಸೆಸರನ್ನು ಕೇಳದೆ ಚಿತ್ರವನ್ನು ನೇರವಾಗಿ ಇವುಗಳಿಗೆ ಸುರಿಯುತ್ತದೆ. ಒಂದು ತುಂಬುತ್ತಿದ್ದಾಗ ಪ್ರೋಗ್ರಾಮು ಇನ್ನೊಂದನ್ನು ಓದುತ್ತದೆ. ನಿಲ್ಲಿಸುವ ಬಟನ್ ಒತ್ತಿದಾಗ ಎಂಟನ್ನೂ ಕರ್ನಲ್ಲಿಗೆ ಹಿಂದಿರುಗಿಸುತ್ತಿದ್ದೆ. ಬಳಸದ ಮೆಮೊರಿಯನ್ನು ಇಟ್ಟುಕೊಳ್ಳಬಾರದು ಎಂಬುದು ನಾನು ಕಲಿತ ಪಾಠ.

ತೊಡಕೆಂದರೆ, ನಮ್ಮ ಅಗ್ಗದ ಕಾರ್ಡಿಗೆ ಒಂದು ಬಫರಿನ ಇಡೀ ಮೆಗಾಬೈಟು ಮುರಿಯದೆ ಒಂದೇ ಸಾಲಿನಲ್ಲಿರಬೇಕು. ಕಂಪ್ಯೂಟರು ಆಗಷ್ಟೇ ಎದ್ದಾಗ ಅಂಥ ಉದ್ದದ ಸಾಲುಗಳು ಬೇಕಾದಷ್ಟಿರುತ್ತವೆ. ಹೊತ್ತು ಕಳೆದಂತೆ ಫೈಲುಗಳೂ ಬೇರೆ ಪ್ರೋಗ್ರಾಮುಗಳೂ ಅಲ್ಲೊಂದು ಇಲ್ಲೊಂದು ಚಿಕ್ಕ ಜಾಗ ಹಿಡಿದು ಕೂರುತ್ತವೆ. ಒಟ್ಟು ಖಾಲಿ ಜಾಗ ಧಾರಾಳವಾಗಿದ್ದರೂ ಒಂದೇ ಸಾಲಿನ ಮೆಗಾಬೈಟು ಸಿಗುವುದಿಲ್ಲ. ಸಂಜೆಯ ಹುಲ್ಲಹಳ್ಳಿ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇದ್ದರೂ ಒಂದು ಮನೆಯವರು ಒಟ್ಟಿಗೆ ಕೂರಲು ಜಾಗವಿರದ ಹಾಗೆ, ಎಂದು ಅವರಿಗೆ ಹೇಳಿದೆ. ಪ್ರತಿ ನಿಲುಗಡೆಯಲ್ಲೂ ನಾನು ಎಂಟು ಸೀಟು ಬಿಟ್ಟು ಇಳಿದು, ಮತ್ತೆ ಹತ್ತಿ ಎಂಟನ್ನು ಬೇಡುತ್ತಿದ್ದೆ.

ಸಿಗದಿದ್ದರೆ? ಅದನ್ನೂ ಬರೆದಿದ್ದೆ. ಎಂಟು ಸಿಗದಿದ್ದರೆ ನಾಲ್ಕು, ನಾಲ್ಕೂ ಇಲ್ಲದಿದ್ದರೆ ಎರಡು. ಎರಡು ಸಿಕ್ಕರೂ 'ಎಲ್ಲ ಸರಿ' ಎಂದು ಪ್ರೋಗ್ರಾಮಿಗೆ ಹೇಳು. ಪಕ್ಕದಲ್ಲಿ ನನ್ನದೇ ಟಿಪ್ಪಣಿ: ಸದ್ಯಕ್ಕೆ ಸಾಕು.

ಅಲ್ಲಿಗೆ ನನ್ನ ಓದು ನಿಂತಿತು.

"ಎರಡರಲ್ಲಿ ಓಡಿಸ್ತಾ ಇದೀನಿ ಅಂತ ಇದು ಯಾರಿಗೆ ಹೇಳಿತು?" ಎಂದು ಅವರು ಕೇಳಿದರು.

"ಯಾರಿಗೂ ಇಲ್ಲ ಸಾರ್."

"ಹಾಗಾದರೆ ಆಯಮ್ಮನಿಗೆ ಹೇಗೆ ಗೊತ್ತಾಗಬೇಕಿತ್ತು?"

ಎರಡೇ ಬಫರ್ ಇದ್ದಾಗ ಪ್ರೋಗ್ರಾಮು ಕ್ಷಣ ತಡಮಾಡಿದರೂ ಕಾರ್ಡಿಗೆ ಸುರಿಯಲು ಜಾಗವಿಲ್ಲ. ಅದು ಆ ಚಿತ್ರವನ್ನು ಚೆಲ್ಲಿಬಿಡುತ್ತದೆ. ಬೆಲ್ಟು ಮಾತ್ರ ನಿಲ್ಲುವುದಿಲ್ಲ. ಯಾರೂ ನೋಡದ ಅಕ್ಕಿ ಒಳ್ಳೆಯ ಅಕ್ಕಿಯ ಚೀಲಕ್ಕೆ ಬೀಳುತ್ತದೆ. ಹೊಣೆ ಯಾರದ್ದು ಎಂದು ಕೋಣೆ ನಡುಗುವಂತೆ ಕೇಳಿದವಳು ನಾನು. ಉತ್ತರ ನನ್ನದೇ ಫೈಲಿನಲ್ಲಿ ನನ್ನದೇ ಟಿಪ್ಪಣಿಯೊಂದಿಗೆ ಕೂತಿತ್ತು. ಖಾತರಿಗೆಂದು ಬೆಂಚಿನ ಮೇಲೆ ಒಂದೇ ಸಮ ನಿಲ್ಲಿಸಿ ಆರಂಭಿಸುವ ಸಣ್ಣ ಪ್ರೋಗ್ರಾಮೊಂದನ್ನು ಓಡಿಸಿದೆ. ಏಳನೆಯ ಆರಂಭದವರೆಗೆ ಎಂಟು ಬಫರ್. ಎಂಟನೆಯದಕ್ಕೆ ನಾಲ್ಕು. ಆಮೇಲೆ ಎರಡು. ಕಿಟಕಿಯ ಮೇಲಿನ ಕವರ್‌ಗಳು ಹೇಳಿದ್ದೂ ಇದನ್ನೇ.

"ಬಸ್ಸಿನ ಉದಾಹರಣೆ ಹೇಳಿದೆಯಲ್ಲ," ಎಂದರು ಹಿರಿಯರು. "ಸೀಟು ಹಿಡಿಯೋದಕ್ಕೆ ನಮ್ಮ ಜನ ಏನು ಮಾಡ್ತಾರೆ?"

"ಕಿಟಕಿಯಿಂದ ಟವೆಲ್ ಎಸೀತಾರೆ."

"ಯಾವಾಗ?"

"ಬಸ್ಸು ನಿಲ್ಲೋ ಮೊದಲೇ."

"ಎಸಿ ಹಾಗಾದರೆ."

ತೀರ್ಮಾನ ಅಲ್ಲಿ ಆಯಿತು. ಬೇಡುವುದನ್ನೇ ಬಿಡುವುದು. ಕಂಪ್ಯೂಟರು ಏಳುವಾಗ, ಬೇರೆ ಯಾರೂ ಕಣ್ಣು ಬಿಡುವ ಮೊದಲೇ, ಎಂಟು ಮೆಗಾಬೈಟನ್ನು ಕರ್ನಲ್ಲು ಎತ್ತಿಡಬೇಕು. ಆ ಎಂಟು ಬಫರ್‌ಗಳ ದಾಸ್ತಾನು, ಅಂದರೆ ಪೂಲ್, ಯಂತ್ರ ಆರುವವರೆಗೂ ನಮ್ಮದು. ನಿಲ್ಲಿಸಿದರೂ ಹಿಂದಿರುಗಿಸುವುದಿಲ್ಲ. ಬಳಸಿದ್ದು ಪೂಲಿಗೆ ಬರುತ್ತದೆ, ಬೇಕಾದಾಗ ಪೂಲಿನಿಂದ ಹೋಗುತ್ತದೆ. ಮುಖ್ಯಸ್ಥರು ಗೊಣಗಿದರು: ಇರುವುದೇ ಅರವತ್ತನಾಲ್ಕು ಮೆಗಾಬೈಟು, ಎಂಟನೇ ಒಂದು ಭಾಗ ಸುಮ್ಮನೆ ಕೂತಿರಬೇಕೇ? ಹಿರಿಯರು ತಲೆಯೆತ್ತದೆ, "ನಾವು ಉಳಿಸಬೇಕಾದ್ದು ಅಕ್ಕಿ, ಮೆಗಾಬೈಟಲ್ಲ," ಎಂದರು. ಕರ್ನಲ್ಲನ್ನು ತಿದ್ದಿ ಮತ್ತೆ ಕಟ್ಟಲು ಗುರುವಾರ ಇಡೀ ಹಿಡಿಯಿತು. ಸಂಜೆಗೆ ನೂರು ಸಲ ನಿಲ್ಲಿಸಿ ಆರಂಭಿಸಿದರೂ ಎಂಟು ಎಂಟಾಗಿಯೇ ಇದ್ದವು.

ಶುಕ್ರವಾರ ಮಿಲ್ಲಿಗೆ ಹೋದಾಗ ಸಾಹುಕಾರರಿಗೆ ಒಂದೇ ಷರತ್ತು ಹಾಕಿದೆ. ಯಂತ್ರವನ್ನು ಆ ಹೆಂಗಸೇ ನಡೆಸಬೇಕು.

"ಅವ್ಳೇ ಯಾಕವ್ವ?"

"ಕೆಟ್ಟರೆ ಮೊದಲು ಕಾಣೋದು ಅವರಿಗೆ."

ಬಾಮೈದ ಎದ್ದು ಜಾಗ ಬಿಟ್ಟರು. "ಬಾರಕ್ಕೋ, ಇಂಜಿನಿಯರ್ ಅಕ್ಕ," ಎಂದು ಅಣಕಿಸಿದರು. ಆಕೆ ಮೊದಲು ಕುರ್ಚಿಯ ಮೇಲಿನ ತೌಡು ಒರೆಸಿದರು, ಆಮೇಲೆ ಬೆಲ್ಟು.

ಹತ್ತು ಮನೆಯದ್ದಾಯಿತು. ಹನ್ನೊಂದಾಯಿತು. ಒಂದು ಕಪ್ಪುಕಾಳಿಲ್ಲ. ನಾನು ಗೆದ್ದೆ ಎಂದುಕೊಂಡು ಟೀ ತರಿಸಿದೆ. ಹನ್ನೆರಡನೆಯವರದ್ದು ಹಾಕುವ ಮೊದಲು ಆಕೆ ಕರೆದರು.

"ಮೇಡಂ, ಬನ್ನಿ ಇಲ್ಲಿ. ಬೆಲ್ಟ್ ಮೇಲೆ ಒಂದ್ ಕಾಳಿಲ್ಲ, ಗಾಳಿ ಊದ್ತಾ ಅದೆ. ಯಾರ್ನ ಊದ್ತಾ ಅದೆ ಇದು?"

ನಿಜ. ಆರಂಭದ ಬಟನ್ ಒತ್ತಿದ ಎರಡು ಸೆಕೆಂಡಿಗೆ ನಾಲ್ಕೈದು ನಳಿಕೆಗಳು ಖಾಲಿ ಬೆಲ್ಟಿನ ಮೇಲೆ ಫುಸ್ಸೆಂದವು. ಮತ್ತೆ ನಿಲ್ಲಿಸಿ ಆರಂಭಿಸಿದೆವು. ಕೆಲವು ಸಲ ಊದುತ್ತಿತ್ತು, ಕೆಲವು ಸಲ ಇಲ್ಲ. ಪ್ರೋಗ್ರಾಮು ನೋಡಿದ ಮೊದಲ ಚಿತ್ರವನ್ನು ಉಳಿಸಿ ತೆರೆದು ನೋಡಿದೆ. ಅದರಲ್ಲಿದ್ದದ್ದು ಹನ್ನೊಂದನೆಯ ಮನೆಯವರ ಅಕ್ಕಿ. ಅವರು ಆಗಲೇ ಚೀಲ ಕಟ್ಟಿ ಗಾಡಿಗೆ ಹೇರಿಯಾಗಿತ್ತು.

ನಿಲ್ಲು ಎಂದು ಕಾರ್ಡಿಗೆ ಹೇಳಿದ ಕೂಡಲೇ ಅದು ನಿಂತಿತೆಂದು ನಾನು ನಂಬಿದ್ದೆ. ಅದು ಕೈಯಲ್ಲಿದ್ದ ಚಿತ್ರವನ್ನು ಮುಗಿಸಿಯೇ ನಿಲ್ಲುತ್ತಿತ್ತು. ಅಷ್ಟರಲ್ಲಿ ನಾನು ಬಫರ್‌ಗಳನ್ನೆಲ್ಲ 'ಖಾಲಿ' ಎಂದು ಗುರುತು ಮಾಡಿ ಮುಗಿಸಿರುತ್ತಿದ್ದೆ. ತಡವಾಗಿ ಬಂದ ಚಿತ್ರ ಅವುಗಳಲ್ಲೊಂದನ್ನು ತುಂಬಿ ಕೂರುತ್ತಿತ್ತು. ಮುಂದಿನ ಮನೆಯವರ ಮೊದಲ ಚಿತ್ರವಾಗಿ ಹೊರಬರುತ್ತಿತ್ತು. ಆಗ ಇನ್ನೊಂದು ಯೋಚನೆಯೂ ಬಂತು. ಹಳೆಯ ಡ್ರೈವರಿನಲ್ಲಿ ಆ ಹೊತ್ತಿಗೆ ಮೆಮೊರಿಯನ್ನು ಹಿಂದಿರುಗಿಸಿಯೇ ಬಿಟ್ಟಿರುತ್ತಿದ್ದೆ. ಹಾಗಾದರೆ ಆ ತಡವಾದ ಚಿತ್ರ ಬೇರೆ ಯಾರದ್ದೋ ಮೆಮೊರಿಯ ಮೇಲೆ ಸುರಿದಿರಬೇಕು. ಯಂತ್ರ ಆಗಾಗ ಕಾರಣವಿಲ್ಲದೆ ಮರಗಟ್ಟಿದಾಗ ವೋಲ್ಟೇಜನ್ನು ದೂರಿದ್ದೆವು.

ಆಕೆಗೆ ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು.

"ನಾನು ನಿಲ್ಸುದ್ ತಕ್ಷಣ ಚೀಲ ಕಟ್ತೀನಾ ಮೇಡಂ? ಬೆಲ್ಟ್ ನಿಂತ್ರೂ ಕೊಳ್ವೆನಾಗೆ ಅವೆ, ಮೇಲ್ಗಡೆ ತೊಟ್ಟೀಲವೆ. ಎಲ್ಲಾ ಇಳಿಬೇಕು. ಅಕ್ಕಿ ಬಾಯಿ, ನುಚ್ಚಿನ್ ಬಾಯಿ, ಕಲ್ಲಿನ್ ಬಾಯಿ, ಮೂರ್ಕೂ ಕೈ ಆಕಿ ನೋಡ್ಬೇಕು. ಆಮೇಲೆ ತಾನೆ ಆಯ್ತು ಅನ್ನಾದು? ನಿಮ್ ಮಿಸೀನು ಮದ್ಲೇ ಆಯ್ತು ಅಂತದೆ."

ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಸರಿಯಾಗಿ ಆ ದೋಷವನ್ನು ನಾನು ಇಂದಿಗೂ ಹೇಳಲಾರೆ. ಶನಿವಾರ ಮತ್ತು ಭಾನುವಾರ ಶೆಡ್ಡಿನಲ್ಲಿ ಕೂತು ಇಡೀ ಪೂಲನ್ನು ಆಕೆಯ ಕ್ರಮದ ಮೇಲೆ ಮತ್ತೆ ಕಟ್ಟಿದೆ. ಒಂದು ಬಫರ್ ಯಾವ ಕ್ಷಣದಲ್ಲೂ ಮೂರು ಕಡೆಗಳಲ್ಲಿ ಒಂದೇ ಕಡೆ ಇರಬೇಕು: ಪೂಲಿನಲ್ಲಿ ಖಾಲಿಯಾಗಿ, ಇಲ್ಲವೇ ಕಾರ್ಡಿನ ಕೈಯಲ್ಲಿ, ಇಲ್ಲವೇ ಪ್ರೋಗ್ರಾಮಿನ ಕೈಯಲ್ಲಿ. ಎರಡು ಕೈಯಲ್ಲಿ ಒಂದೇ ಬಫರ್ ಇರುವ ಹಾಗಿಲ್ಲ. ಯಾರ ಕೈಯಲ್ಲೂ ಇಲ್ಲದೆ ಕಳೆದುಹೋಗುವ ಹಾಗೂ ಇಲ್ಲ. ನಿಲ್ಲಿಸುವಾಗ ಕಾರ್ಡಿಗೆ ಹೇಳಿ, 'ಮುಗಿಯಿತು' ಎಂದು ಅದೇ ಹೇಳುವವರೆಗೆ ಕಾಯಬೇಕು. ಆಮೇಲೆ ಒಂದೊಂದಾಗಿ ಹಿಂದಕ್ಕೆ ಪಡೆದು ಎಣಿಸಬೇಕು. ಎಂಟು ಬಂದರೆ ಮಾತ್ರ ನಿಂತಂತೆ. ಏಳು ಬಂದರೆ ಕೆಂಪು ದೀಪ, ಮುಂದಿನ ಆರಂಭಕ್ಕೆ ಖಡಾಖಂಡಿತ ನಿರಾಕರಣೆ. 'ಸದ್ಯಕ್ಕೆ ಸಾಕು' ಎಂಬ ಸಾಲನ್ನೂ ಅದರ ಕೆಳಗಿನ ನಾಲ್ಕು ಮತ್ತು ಎರಡನ್ನೂ ಅಳಿಸಿದೆ.

ಭಾನುವಾರ ಮಧ್ಯಾಹ್ನ ಮೊದಲ ಪರೀಕ್ಷೆಯಲ್ಲೇ ಕಂಪ್ಯೂಟರು ಕಲ್ಲಾಯಿತು. ಕೀಲಿಮಣೆಯೂ ಅಲುಗಲಿಲ್ಲ. ಎಣಿಕೆ ಕೆಡದಿರಲೆಂದು ಪೂಲಿಗೆ ಒಂದು ಬೀಗ ಹಾಕಿದ್ದೆ. ಆ ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ಕಾರ್ಡು 'ಮುಗಿಯಿತು' ಎನ್ನಲಿ ಎಂದು ಕಾಯುತ್ತಿದ್ದೆ. ಆ ಸುದ್ದಿ ಒಳಗೆ ಬರಬೇಕಾದರೆ ಅದೇ ಬೀಗ ಬೇಕು. ಹಿರಿಯರು ಅಂದು ರಜೆಯಾದರೂ ಬಂದಿದ್ದರು. ಪರದೆಯನ್ನು ನೋಡಿ, "ಬಾಗಿಲಿಗೆ ಅಡ್ಡ ನಿಂತು, ಯಾಕೆ ಒಳಗೆ ಬರ್ತಿಲ್ಲ ಅಂತ ಕೇಳ್ತಾ ಇದೀಯ," ಎಂದರು. ಬೀಗ ಬಿಟ್ಟು ಕಾಯುವಂತೆ ತಿದ್ದಿದೆ. ಅವರು ಎದುರಿನ ಸ್ಟೂಲಿನ ಮೇಲೆ ಕೂತು, ನಾನು ಬರೆದ ಪ್ರತಿ ಸಾಲಿಗೂ 'ಈ ಕ್ಷಣದಲ್ಲಿ ಕಾರ್ಡು ಬರೆದರೆ?' ಎಂದು ಕೇಳುತ್ತ ಹೋದರು. ಆ ಒಂದೇ ಪ್ರಶ್ನೆಯನ್ನು ಬೇಸರವಿಲ್ಲದೆ ಅಷ್ಟು ಸಲ ಕೇಳಬಲ್ಲವರನ್ನು ನಾನು ಆಮೇಲೆ ಕಂಡಿಲ್ಲ.

ಸೋಮವಾರ ನಾವು ಮೂವರೂ, ಮುಖ್ಯಸ್ಥರೂ ಸೇರಿ, ಮಿಲ್ಲಿನಲ್ಲಿದ್ದೆವು. ಮುಡುಕುತೊರೆ ಕಡೆಯ ಗಾಡಿಗಳೂ ಬಂದಿದ್ದರಿಂದ ಅಂಗಳ ತುಂಬಿತ್ತು. ಅಂದು ಹಾಳು ಕರೆಂಟು ಒಮ್ಮೆಯೂ ಹೋಗಲಿಲ್ಲ. ಯಂತ್ರಕ್ಕೆ ಯಾರೂ ಹೊಸ ಜನ್ಮ ಕೊಡಲಿಲ್ಲ. ಆಕೆ ನಿಲ್ಲಿಸಿದರು, ಒರೆಸಿದರು, ಆರಂಭಿಸಿದರು. ಬಿಳಿಯ ಅಕ್ಕಿಯ ಹಿಂದೆ ರಾಜಮುಡಿ, ರಾಜಮುಡಿಯ ಹಿಂದೆ ಸಣ್ಣಕ್ಕಿ. ಖಾಲಿ ಬೆಲ್ಟಿನ ಮೇಲೆ ಗಾಳಿ ಊದಲಿಲ್ಲ.

ಹದಿನಾರನೆಯ ಮನೆಯವರದ್ದು ಮುಗಿದಾಗ ಕೆಂಪು ದೀಪ ಹತ್ತಿತು. ಆರಂಭದ ಬಟನ್ ಒತ್ತಿದರೆ ಯಂತ್ರ ಕದಲಲಿಲ್ಲ.

"ಮತ್ತೆ ಕೆಟ್ಟೋಯ್ತಾ?" ಎಂದರು ಸಾಹುಕಾರರು.

"ಕೆಟ್ಟಿಲ್ಲ. ಏನೋ ಆಗಿದೆ ಅಂತ ಹೇಳ್ತಾ ಇದೆ," ಎಂದೆ. ಪರದೆಯ ಮೇಲೆ ಲೆಕ್ಕ ಸ್ಪಷ್ಟವಾಗಿತ್ತು: ಏಳು ಪೂಲಿನಲ್ಲಿ, ಒಂದು ಕಾರ್ಡಿನ ಕೈಯಲ್ಲಿ. ಕಾರ್ಡು ಅರ್ಧ ಚಿತ್ರ ಹಿಡಿದು ಉಳಿದರ್ಧಕ್ಕೆ ಕಾಯುತ್ತಿತ್ತು. ಹಿರಿಯರು ಹಿಂದೆ ಬಗ್ಗಿ ನೋಡಿದರು. ಮಿಲ್ಲಿನ ಅದುರಿಗೆ ಕ್ಯಾಮೆರಾದ ಕೇಬಲ್ಲು ಸಡಿಲವಾಗಿತ್ತು. ಬಿಗಿ ಮಾಡಿದರು, ದೀಪ ಆರಿತು. ಹಳೆಯ ಡ್ರೈವರಾಗಿದ್ದರೆ ಕುರುಡು ಕ್ಯಾಮೆರಾದೊಂದಿಗೆ ಸಂಜೆಯವರೆಗೂ ಓಡಿ ತಪ್ಪನ್ನು ಆಕೆಯ ತಲೆಗೆ ಕಟ್ಟುತ್ತಿತ್ತು. ಇದುವರೆಗೆ ನಾನು ಬರೆದ ಸಾಲುಗಳಲ್ಲಿ ನನಗೆ ಅತ್ಯಂತ ಹೆಮ್ಮೆ ತಂದದ್ದು, ಓಡಲು ನಿರಾಕರಿಸಿದ ಆ ಸಾಲು.

ಸಂಜೆಗೆ ಇಪ್ಪತ್ತೆರಡು ಮನೆಯವರದ್ದಾಯಿತು. ಮಿಲ್ಲಿನ ಆಫೀಸಿನಲ್ಲಿ ನಾನು ಕೈಯಲ್ಲೇ ಹೊಸ ವರದಿ ಬರೆದೆ. ದೋಷ ಡ್ರೈವರಿನದು, ಮೆಮೊರಿ ಬೇಡುವ ಮತ್ತು ಹಿಂದಿರುಗಿಸುವ ಈ ಎರಡು ಭಾಗಗಳಲ್ಲಿ, ಬರೆದವಳು ಇಂಥವಳು. ಆಪರೇಟರು ಅನುಸರಿಸಿದ ಕ್ರಮ ಸರಿಯಾದದ್ದು, ದೋಷವನ್ನು ಪತ್ತೆ ಹಚ್ಚಿದವರೂ ಅವರೇ.

ಮುಖ್ಯಸ್ಥರು ಎರಡು ಸಲ ಓದಿದರು. "ಇಷ್ಟೆಲ್ಲ ಬೇಕಾ? ತಾಂತ್ರಿಕ ಕಾರಣ ಅಂದರೆ ಸಾಲದಾ? ನಿನ್ನ ಹೆಸರು ಯಾಕೆ?"

"ಆಯಮ್ಮನ ಮೇಲೆ ಬರೆಯುವಾಗ ಹೆಸರು ಬರೆದೇ ಬರೆದಿರಲ್ಲ ಸಾರ್."

ಅವರು ಸಹಿ ಹಾಕಿದರು. ಹಿರಿಯರೂ ಹಾಕಿದರು. ಆಕೆ ಬಾಗಿಲ ಬಳಿ ನಿಂತಿದ್ದರು. ಕರೆದು, ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಸಾಹುಕಾರರು ಕೆಮ್ಮಿ, "ನಾಳಿಂದ ನೀನೇ ಕಣವ್ವ ಮಿಸೀನಿಗೆ," ಎಂದರು. ಆಕೆ ತಲೆಯಾಡಿಸಿದರು, ಆದರೆ ಕದಲಲಿಲ್ಲ.

"ಆ ಮದ್ಲುನ್ ಕಾಗ್ದ ಎಲ್ಲದೆ?"

ಮುಖ್ಯಸ್ಥರು ಬ್ಯಾಗಿನಿಂದ ಹಳೆಯ ವರದಿಯನ್ನು ತೆಗೆದರು. "ಇದಾ? ಇದು ಮುಗೀತಲ್ಲಮ್ಮ. ಈಗಲೇ ಹರಿದು ಹಾಕ್ತೀನಿ."

"ಅರೀಬ್ಯಾಡಿ ಸಾ!"

ಅವರ ಕೈ ನಿಂತಿತು. ನನಗೂ ಅರ್ಥವಾಗಲಿಲ್ಲ.

"ಅದ್ರಲ್ಲಿ ನನ್ ಎಸ್ರು ಅದೆ. ಅರುದ್ ಬುಟ್ರೆ ಏನೋ ಬರ್ದಿದ್ರಂತೆ, ಏನ್ ಮಾಡಿದ್ಳೋ ಏನೋ ಅನ್ನೋ ಮಾತು ಊರಲ್ಲಿ ಉಳ್ಕತದೆ. ಇವ್ರ ಬಾಮೈದನೇ ಅಂಗಡಿ ಅಂಗಡಿಲೂ ಏಳ್ಕಂಡ್ ಬಂದವ್ರೆ. ಇದು ತಪ್ಪು ಅಂತ ಅದ್ರ ಮೇಲೇ ಬರೀರಿ. ಬರ್ದೋರೇ ಸೈನ್ ಆಕ್ರಿ. ಒಸಾ ಕಾಗ್ದನೂ ಅದ್ನೂ ಸೇರ್ಸಿ ಪಿನ್ ಒಡ್ದ್ ಕೊಡಿ."

ಯೂನಿವರ್ಸಿಟಿಯ ಮೆಟ್ಟಿಲ ಮೇಲೆ ಕೂತು ಉತ್ತರದಾಯಿತ್ವದ ಬಗ್ಗೆ ನಾನು ಎಷ್ಟೋ ಘೋಷಣೆ ಕೂಗಿದ್ದೇನೆ. ತಪ್ಪನ್ನು ಅಳಿಸುವುದು ಬೇರೆ, ತಪ್ಪೆಂದು ಒಪ್ಪಿ ಅದನ್ನು ಅಲ್ಲಿಯೇ ಉಳಿಸುವುದು ಬೇರೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ನಾನಾಗಿದ್ದರೆ ಹರಿಯುವುದನ್ನು ನೋಡಿ ಸಂತೋಷಪಡುತ್ತಿದ್ದೆ.

ಮೊದಲು ಪೆನ್ನು ತೆಗೆದವರು ಹಿರಿಯರು. ಹಳೆಯ ವರದಿಯ ಮೇಲೆ ಅಡ್ಡಗೆರೆ ಎಳೆದು, 'ಪರಿಶೀಲಿಸದೆ ಬರೆದದ್ದು, ತಪ್ಪು' ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿದರು. ಮುಖ್ಯಸ್ಥರು ಆ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅದರ ಕೆಳಗೆ ತಮ್ಮದನ್ನೂ ಹಾಕಿದರು.

ಆಕೆ ಎರಡೂ ಹಾಳೆಗಳನ್ನು ಕೈಗೆ ತೆಗೆದುಕೊಂಡು ತಮ್ಮ ಹೆಸರಿನ ಮೇಲೆ ಎಳೆದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇಲ್ಲೇ ಇರಿ," ಎಂದರು. "ಬಸ್ ಸ್ಟ್ಯಾಂಡ್ ತಾವ ಜೆರಾಕ್ಸ್ ಅಂಗ್ಡಿ ಅದೆ. ನಂಗೊಂದ್ ಕಾಪಿ, ಸಾವ್ಕಾರ್ರಿಗೊಂದ್ ಕಾಪಿ ತಗಸ್ಕಂಡು ನಿಮ್ದ್ ನಿಮ್ಗೆ ತಂದ್ಕೊಡ್ತೀನಿ."

ಸಾಹುಕಾರರು ಕುರ್ಚಿ ಎಳೆದುಕೊಂಡು ಕೂತರು. ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ಆಕೆ ಹಿಂದಿರುಗುವವರೆಗೆ ನಾವು ನಾಲ್ವರೂ ಅಲ್ಲಿಯೇ ಕಾಯ್ದೆವು.